ಜ್ವರದ ಸೀಮೆಯಲ್ಲಿ ಮನೆ: ದಕ್ಷಿಣ ಆಫ್ರಿಕದ ಹೂಡ್‌ಸ್ಪ್ರೇಟ್‌ನ ನೆಲಚರಿತ್ರೆ

ದಕ್ಷಿಣ ಆಫ್ರಿಕದ ಲಿಂಪೊಪೊ ಪ್ರಾಂತದಲ್ಲಿ, ಕ್ರೂಗರ್ ರಾಷ್ಟ್ರೀಯ ಉದ್ಯಾನದ ಪಶ್ಚಿಮದ ಅಂಚಿನಲ್ಲಿ ಹೂಡ್‌ಸ್ಪ್ರೇಟ್ ಎಂಬ ಸಣ್ಣ ಪಟ್ಟಣವಿದೆ. ಅಲ್ಲಿ ಮನೆ ಕೊಳ್ಳಬಯಸುವವರಿಗೆ ನಿವೇಶನ ವ್ಯಾಪಾರಿಗಳು ಹೇಳುವ ಕಾರಣಗಳು ಹೆಚ್ಚುಕಡಿಮೆ ಒಂದೇ ಬಗೆಯವು: ಚಳಿಗಾಲದಲ್ಲೂ ಹಿತವಾಗಿರುವ ಬಿಸಿಲು, ಅಂಗಳದವರೆಗೂ ಬಂದು ಮೇಯುವ ಹುಲ್ಲೆ ಮತ್ತು ಜೀಬ್ರಾ, ಕೂಗಳತೆಯಲ್ಲಿರುವ ಆನೆ–ಸಿಂಹಗಳ ಕಾಡು, ಹತ್ತಿರದ ವಿಮಾನ ನಿಲ್ದಾಣ, ಪ್ರವಾಸಿಗರಿಂದ ಬರುವ ಬಾಡಿಗೆ. ಬಿಸಿಲು ಮತ್ತು ಪ್ರಾಣಿಗಳು 150 ವರ್ಷಗಳ ಹಿಂದೆಯೂ ಅಲ್ಲಿದ್ದವು. ಆದರೆ ಆ ಕಾಲದ ವಲಸಿಗರ ಪಾಲಿಗೆ ಅವೆರಡೂ ಆ ನೆಲವನ್ನು ಬಿಟ್ಟು ಓಡಲು ಇದ್ದ ಕಾರಣಗಳಾಗಿದ್ದವು. ಬಿಸಿಲಿನ ಜೊತೆಗೆ ಚಳಿಜ್ವರ ಬರುತ್ತಿತ್ತು, ಕಾಡುಪ್ರಾಣಿಗಳ ಜೊತೆಗೆ ದನಗಳನ್ನು ಕೊಲ್ಲುವ ನೊಣ ಬರುತ್ತಿತ್ತು. ದೂರ ಓಡಿಸುತ್ತಿದ್ದ ಸಂಗತಿಗಳೇ ಮುಂದೆ ಕೈಬೀಸಿ ಕರೆಯುವ ಸಂಗತಿಗಳಾದದ್ದು ಹೇಗೆ ಎಂಬುದನ್ನು ಪರಿಶೀಲಿಸಿದರೆ, ಇಂದಿನ ಮನೆಮಾರಾಟದ ಪ್ರತಿಯೊಂದು ಕಾರಣಕ್ಕೂ ಒಂದು ಹುಟ್ಟಿದ ವರ್ಷವಿದೆ ಎಂಬುದೂ, ಅದರ ಬೆಲೆಯನ್ನು ತೆತ್ತವರು ಹಲವು ಬಾರಿ ಬೇರೆಯವರೇ ಎಂಬುದೂ ತಿಳಿದುಬರುತ್ತದೆ.

ಈ ಸೀಮೆಗೆ 'ಲೋವೆಲ್ಡ್' ಎಂದು ಹೆಸರು. ಡಚ್ ಮೂಲದಿಂದ ಬೆಳೆದ ಆಫ್ರಿಕಾನ್ಸ್ ಭಾಷೆಯಲ್ಲಿ 'ವೆಲ್ಡ್' ಎಂದರೆ ಬಯಲು. ಪಶ್ಚಿಮದ ಎತ್ತರದ ಪ್ರಸ್ಥಭೂಮಿ 'ಹೈವೆಲ್ಡ್', ಅಂದರೆ ಮೇಲುಬಯಲು. ಡ್ರೇಕನ್ಸ್‌ಬರ್ಗ್ ಪರ್ವತಗಳ ಕಡಿದಾದ ಅಂಚನ್ನು ಇಳಿದ ಮೇಲೆ ಮೊಜಾಂಬಿಕ್ ಗಡಿಯ ಲೆಬೊಂಬೊ ಗುಡ್ಡಗಳವರೆಗೆ ಹರಡಿರುವುದು ಈ ಕೆಳಬಯಲು. ಘಟ್ಟದ ಮೇಲಿನವರಿಗೂ ಕೆಳಗಿನವರಿಗೂ ಹವೆ, ಬೆಳೆ, ರೋಗ ಎಲ್ಲವೂ ಬೇರೆಯಾಗುವುದನ್ನು ಬಲ್ಲ ಕನ್ನಡಿಗರಿಗೆ ಈ ವಿಭಾಗ ಹೊಸದೆನಿಸದು, ಆದರೆ ಮಳೆಯ ಲೆಕ್ಕ ಅಲ್ಲಿ ತಿರುಗುಮುರುಗು: ಘಟ್ಟದ ಬುಡದ ಕೆಳಬಯಲೇ ಒಣನೆಲ. ಮಳೆ ಬೀಳುವುದು ಬೇಸಿಗೆಯಲ್ಲಿ, ಸುಮಾರು ಅಕ್ಟೋಬರಿನಿಂದ ಮಾರ್ಚ್‌ವರೆಗೆ. ಆ ತಿಂಗಳುಗಳಲ್ಲಿ ಸೆಕೆ 40 ಡಿಗ್ರಿ ಸೆಲ್ಸಿಯಸ್‌ಗೆ ಏರುವುದುಂಟು. ಮೇಯಿಂದ ಆಗಸ್ಟ್‌ವರೆಗಿನ ಚಳಿಗಾಲವು ಒಣಗಿದ, ಮೋಡವಿಲ್ಲದ, ಮಂಜು ಕಟ್ಟುವುದು ಅಪರೂಪವಾದ ಕಾಲ. ಮರೂಲ, ಮೊಪಾನೆ ಮೊದಲಾದ ಮರಗಳೂ ಮುಳ್ಳಿನ ಜಾಲಿಗಳೂ ಬೆಳೆಯುವ ಈ ಕುರುಚಲು ಕಾಡಿನ ಚರಿತ್ರೆಯೆಲ್ಲ ಈ ಎರಡು ಕಾಲಗಳ ವ್ಯತ್ಯಾಸದ ಸುತ್ತ ತಿರುಗುತ್ತದೆ.

ಈ ನೆಲ ಖಾಲಿಯಾಗಿತ್ತೆಂಬ ಮಾತು ಪ್ರವಾಸದ ಕೈಪಿಡಿಗಳಲ್ಲಿ ಆಗಾಗ ಕಾಣಿಸಿಕೊಂಡರೂ ನಿಜವಲ್ಲ. ಹೂಡ್‌ಸ್ಪ್ರೇಟ್‌ನ ಉತ್ತರಕ್ಕಿರುವ ಫಲಬೋರ್ವ ಪ್ರದೇಶದ ಗುಡ್ಡಗಳಲ್ಲಿ ಸಾವಿರ ವರ್ಷಗಳಿಗೂ ಹಿಂದಿನಿಂದ ತಾಮ್ರ ಮತ್ತು ಕಬ್ಬಿಣದ ಅದಿರನ್ನು ಅಗೆದು, ಮಣ್ಣಿನ ಕುಲುಮೆಗಳಲ್ಲಿ ಕರಗಿಸುತ್ತಿದ್ದರು. ದನಗಳಿಗೆ ಕೂಡಿಬಾರದ ಸೀಮೆಯಲ್ಲಿ ಲೋಹದ ಸರಕೇ ಅವರ ಜೀವನಾಧಾರವಾಗಿತ್ತು. ಅದನ್ನು ಕೊಟ್ಟು ಧಾನ್ಯವನ್ನೂ ಜಾನುವಾರುಗಳನ್ನೂ ದೂರದವರಿಂದ ಪಡೆಯುತ್ತಿದ್ದರು. ಉತ್ತರ ಸೋತೋ ಮತ್ತು ತ್ಸೋಂಗಾ ಭಾಷೆಗಳನ್ನಾಡುವ ಸಮುದಾಯಗಳು ನದಿಗಳ ಆಸುಪಾಸಿನಲ್ಲಿ ಊರು ಕಟ್ಟಿಕೊಂಡಿದ್ದವು. ಚಳಿಜ್ವರ ಅವರನ್ನೂ ಬಿಟ್ಟಿರಲಿಲ್ಲ. ಆದರೆ ಎಳವೆಯಿಂದಲೇ ಮರಳಿ ಮರಳಿ ಜ್ವರಕ್ಕೆ ಸಿಕ್ಕಿ ಉಳಿದವರ ದೇಹದಲ್ಲಿ ಸ್ವಲ್ಪಮಟ್ಟಿನ ತಡೆಶಕ್ತಿ ಬೆಳೆಯುತ್ತದೆಯಾದ್ದರಿಂದ, ಹೊರಗಿನವರು ಬಾಳಲಾಗದಲ್ಲಿ ಅವರು ಬಾಳಬಲ್ಲವರಾಗಿದ್ದರು.

ಹೊರಗಿನವರ ಅನುಭವ ಬೇರೆಯೇ ಆಗಿತ್ತು. ಕೇಪ್ ವಸಾಹತಿನ ಬ್ರಿಟಿಷ್ ಆಳ್ವಿಕೆಯಿಂದ ದೂರವಾಗಲು ಎತ್ತಿನ ಬಂಡಿಗಳಲ್ಲಿ ಒಳನಾಡಿಗೆ ಹೊರಟ ಡಚ್ ಮೂಲದ ರೈತರನ್ನು ಬೋಯರರು ಎನ್ನುತ್ತಾರೆ. ಬೋಯರ್ ಎಂಬ ಪದಕ್ಕೆ ರೈತನೆಂದೇ ಅರ್ಥ. ಅವರ ಮುಂದಾಳುಗಳಲ್ಲಿ ಒಬ್ಬನಾದ ಲೂಯಿ ಟ್ರಿಚಾರ್ಟ್, ಬ್ರಿಟಿಷರ ಹಿಡಿತದಲ್ಲಿಲ್ಲದ ಬಂದರೊಂದನ್ನು ಅರಸಿ, ಡ್ರೇಕನ್ಸ್‌ಬರ್ಗ್ ದಾಟಲು ಎರಡು ತಿಂಗಳಿಗೂ ಹೆಚ್ಚು ಕಾಲ ಹೆಣಗಾಡಿ, 1838ರಲ್ಲಿ ಈ ಕೆಳಬಯಲಿನ ಮೂಲಕ ಡೆಲಗೋವ ಕೊಲ್ಲಿಯನ್ನು, ಅಂದರೆ ಇಂದಿನ ಮಪುಟೊವನ್ನು ತಲುಪಿದನು. ಅಲ್ಲಿ ಅವನ ಹೆಂಡತಿಯೂ ಸಂಗಡಿಗರಲ್ಲಿ ಬಹುಮಂದಿಯೂ ಜ್ವರಕ್ಕೆ ಬಲಿಯಾದರು, ಅದೇ ವರ್ಷ ಅವನೂ ಮಡಿದನು. 1845ರಲ್ಲಿ ಹೆಂಡ್ರಿಕ್ ಪಾಟ್‌ಗೀಟರ್‌ನ ಮುಂದಾಳುತನದಲ್ಲಿ ಬೋಯರರು ಘಟ್ಟದ ಕಣಿವೆಯೊಂದರಲ್ಲಿ ಓರಿಗ್‌ಸ್ಟಾಟ್ ಎಂಬ ಊರನ್ನು ಕಟ್ಟಿದರಾದರೂ, ಮಳೆಗಾಲದ ಜ್ವರ ಮನೆಮನೆಗಳನ್ನು ಬರಿದುಮಾಡಿದ್ದರಿಂದ ಕೆಲವೇ ವರ್ಷಗಳಲ್ಲಿ ಊರನ್ನು ತೊರೆದು, ಇನ್ನಷ್ಟು ಎತ್ತರದ ತಂಪು ಜಾಗಕ್ಕೆ ಹೋಗಿ ಹೊಸ ಊರು ಕಟ್ಟಿದರು. ಆ ಹೊಸ ಊರಿಗೆ ಅವರಿಟ್ಟ ಲೈಡನ್‌ಬರ್ಗ್ ಎಂಬ ಹೆಸರಿಗೆ 'ಸಂಕಟದ ಊರು' ಎಂದು ಅರ್ಥ. ಇಂದು ಬೆಚ್ಚನೆಯ ಊರನ್ನು ಅರಸಿ ಜನ ಕೆಳಗಿಳಿಯುತ್ತಾರೆ. ಅಂದು ಬದುಕಿ ಉಳಿಯಲು ಜನ ಮೇಲೆ ಹತ್ತಿದರು.

ಹೂಡ್‌ಸ್ಪ್ರೇಟ್ ಎಂಬ ಹೆಸರು ದಾಖಲೆಗೆ ಬಂದದ್ದು ಇದೇ ಕಾಲದಲ್ಲಿ. 1848ರಲ್ಲಿ ಡಾವಿಡ್ ಯೋಹಾನೆಸ್ ಜೂಬರ್ಟ್ ಎಂಬವನು ಇಲ್ಲಿ ಒಂದು ಜಮೀನನ್ನು ತನ್ನ ಹೆಸರಿಗೆ ಮಾಡಿಸಿಕೊಂಡನೆಂದೂ, ದಾರಿಯ ದಣಿವಿನಲ್ಲಿ ತನ್ನ ಟೋಪಿಯನ್ನು ಹಳ್ಳದ ನೀರಿಗೆ ಎಸೆದು ಇಲ್ಲಿಯೇ ನೆಲೆಸುವುದಾಗಿ ಹೇಳಿದನೆಂದೂ ಸ್ಥಳೀಯ ಐತಿಹ್ಯ ಹೇಳುತ್ತದೆ. ಆಫ್ರಿಕಾನ್ಸ್‌ನಲ್ಲಿ 'ಹೂಡ್' ಎಂದರೆ ಟೋಪಿ, 'ಸ್ಪ್ರೇಟ್' ಎಂದರೆ ಹಳ್ಳ. ಕನ್ನಡದ ಊರಹೆಸರುಗಳ ರೀತಿಯಲ್ಲಿ ಹೇಳುವುದಾದರೆ ಇದು 'ಟೋಪಿಹಳ್ಳ'. ಐತಿಹ್ಯದಲ್ಲಿ ನೆಲೆಸುವ ಮಾತಿದ್ದರೂ, ಆ ಶತಮಾನದ ಲೋವೆಲ್ಡ್‌ನ ಬಹುಪಾಲು ಜಮೀನುಗಳು ಕಾಗದದ ಮೇಲಷ್ಟೇ ಒಡೆತನದಲ್ಲಿದ್ದವು. ಮೇಲುಬಯಲಿನ ರೈತರು ಚಳಿಗಾಲದಲ್ಲಿ ಹುಲ್ಲು ಒಣಗಿದಾಗ ದನಕುರಿಗಳನ್ನೂ ಮನೆಮಂದಿಯನ್ನೂ ಬಂಡಿಗಳಲ್ಲಿ ಕೆಳಕ್ಕೆ ತಂದು, ಮೂರು ನಾಲ್ಕು ತಿಂಗಳು ಬೇಟೆಯಾಡಿ, ಮಾಂಸವನ್ನು ಸೀಳಿ ಉಪ್ಪು ಹಚ್ಚಿ ಒಣಗಿಸಿಕೊಂಡು, ಮೊದಲ ಮಳೆಗೆ ಮುಂಚೆಯೇ ಘಟ್ಟ ಹತ್ತಿಬಿಡುತ್ತಿದ್ದರು. ಜೌಗು ತಗ್ಗುಗಳಲ್ಲಿ ಬೆಳೆಯುವ ಹಳದಿ ತೊಗಟೆಯ ಒಂದು ಜಾತಿಯ ಜಾಲಿಗೆ ಅವರು 'ಜ್ವರದ ಮರ' ಎಂದು ಹೆಸರಿಟ್ಟರು. ಅದರ ನೆರಳಿನಲ್ಲಿ ಮಲಗಿದವರಿಗೆ ಜ್ವರ ಬರುವುದನ್ನು ಕಂಡು ಮರವನ್ನೇ ಶಂಕಿಸಿದರು. ತಪ್ಪು ಮರದ್ದಾಗಿರಲಿಲ್ಲ, ಮರವೂ ಸೊಳ್ಳೆಯೂ ಒಂದೇ ನಿಂತ ನೀರನ್ನು ಆಶ್ರಯಿಸಿದ್ದವು. ಜ್ವರ ಮತ್ತು ಸೊಳ್ಳೆಯ ನಂಟಿಗೆ ಗಟ್ಟಿ ಪುರಾವೆ ದೊರೆತದ್ದು 1897ರಲ್ಲಿ, ಬೆಂಗಳೂರಿನಲ್ಲೂ ಸೇವೆ ಸಲ್ಲಿಸಿದ್ದ ಸೇನಾ ವೈದ್ಯ ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ರೋಗಾಣುವನ್ನು ಗುರುತಿಸಿದಾಗ.

ಮನುಷ್ಯರಿಗೆ ಸೊಳ್ಳೆಯಂತೆ ದನಗಳಿಗೆ ಸೆಟ್ಸೆ ನೊಣ ಮೃತ್ಯುವಾಗಿತ್ತು. ರಕ್ತ ಹೀರುವ ಈ ನೊಣ ಹರಡುವ 'ನಗಾನ' ಎಂಬ ರೋಗಕ್ಕೆ ಸಿಕ್ಕಿದ ಎತ್ತು ಕೃಶವಾಗುತ್ತ ಸಾಯುತ್ತದೆ, ಆದರೆ ಅದೇ ರೋಗಾಣುವನ್ನು ಹೊತ್ತ ಕಾಡೆಮ್ಮೆಗಳಿಗೂ ಕೂಡು ಹುಲ್ಲೆಗಳಿಗೂ ಏನೂ ಆಗುವುದಿಲ್ಲ. ಡೇವಿಡ್ ಬ್ರೂಸ್ ಎಂಬ ಸೇನಾ ವೈದ್ಯ 1890ರ ದಶಕದ ನಡುವೆ ಜುಲುಲ್ಯಾಂಡಿನಲ್ಲಿ ಈ ರೋಗಾಣುವನ್ನು ಪತ್ತೆಹಚ್ಚಿದನು. 1880ರ ದಶಕದಲ್ಲಿ ಬಾರ್ಬರ್ಟನ್ ಮೊದಲಾದ ಕಡೆ ಚಿನ್ನ ಸಿಕ್ಕಿ, ಬಂದರಿನಿಂದ ಗಣಿಗಳಿಗೆ ಬಂಡಿಗಳಲ್ಲಿ ಸರಕು ಸಾಗತೊಡಗಿದಾಗ ಈ ನೊಣದ ಪಟ್ಟಿಯನ್ನು ದಾಟುವುದೇ ಎಲ್ಲಕ್ಕಿಂತ ದೊಡ್ಡ ಗಂಡಾಂತರವಾಗಿತ್ತು. ಅನಂತರ 1896ರಲ್ಲಿ ಉತ್ತರದಿಂದ ದನಗಳ ದೊಡ್ಡರೋಗ ಬಂದಿತು. ಕರ್ನಾಟಕದ ದನಗಾಹಿಗಳಿಗೂ ಚಿರಪರಿಚಿತವಾಗಿದ್ದ ಈ ಸಾಂಕ್ರಾಮಿಕವು 1880ರ ದಶಕದ ಕೊನೆಯಲ್ಲಿ ಇಟಲಿಯ ಸೇನೆ ಎರಿಟ್ರಿಯಕ್ಕೆ ತರಿಸಿಕೊಂಡ ಏಷ್ಯಾದ ದನಗಳ ಮೂಲಕ ಆಫ್ರಿಕಕ್ಕೆ ಕಾಲಿಟ್ಟಿತೆಂಬುದು ಚರಿತ್ರಕಾರರ ಸಾಮಾನ್ಯ ಅಭಿಪ್ರಾಯ. ಅದು ದನಗಳ ಜೊತೆಗೆ ಕಾಡೆಮ್ಮೆ, ಕೂಡುಗಳನ್ನೂ ಗುಡಿಸಿಹಾಕಿದ್ದರಿಂದ ಹೀರಲು ರಕ್ತವಿಲ್ಲದೆ ಸೆಟ್ಸೆ ನೊಣ ಬೋಯರರ ಟ್ರಾನ್ಸ್‌ವಾಲ್ ಗಣರಾಜ್ಯದ ಲೋವೆಲ್ಡ್‌ನಿಂದ ಅಳಿದುಹೋಯಿತು, ಪ್ರಾಣಿಗಳ ಸಂಖ್ಯೆ ಚೇತರಿಸಿಕೊಂಡ ಮೇಲೂ ಮರಳಲಿಲ್ಲ. ಈ ನೆಲವನ್ನು ವಾಸಯೋಗ್ಯವಾಗಿಸಿದ ಮೊದಲ ಬದಲಾವಣೆ ಹೀಗೆ ಯಾರ ಯೋಜನೆಯೂ ಇಲ್ಲದೆ, ಒಂದು ಮಹಾಮಾರಿಯಿಂದ ಆಯಿತು.

ಎರಡನೆಯ ಬದಲಾವಣೆ ಕಾಡಿಗೆ ಗಡಿ ಹಾಕಿದ್ದು. ಬೇಟೆಯಿಂದ ಬಡವಾಗಿದ್ದ ಪ್ರದೇಶದ ಒಂದು ಭಾಗವನ್ನು ಟ್ರಾನ್ಸ್‌ವಾಲ್ ಗಣರಾಜ್ಯದ ಅಧ್ಯಕ್ಷ ಪೌಲ್ ಕ್ರೂಗರ್ 1898ರಲ್ಲಿ ಸಾಬಿ ಮೃಗರಕ್ಷಿತ ಪ್ರದೇಶವೆಂದು ಘೋಷಿಸಿದನು. 1902ರಲ್ಲಿ ಅದರ ಮೇಲ್ವಿಚಾರಕನಾಗಿ ಬಂದ ಜೇಮ್ಸ್ ಸ್ಟೀವನ್‌ಸನ್-ಹ್ಯಾಮಿಲ್ಟನ್ ಒಳಗಿದ್ದ ಆಫ್ರಿಕನ್ ಊರುಗಳನ್ನು ತೆರವು ಮಾಡಿಸಿದ್ದರಿಂದ, ಗುಡಿಸಿ ಹಾಕುವವನು ಎಂಬ ಅರ್ಥದಲ್ಲಿ ಜನ ಅವನನ್ನು 'ಸ್ಕುಕುಜ' ಎಂದು ಕರೆದರು. ಉದ್ಯಾನದ ಮುಖ್ಯ ಶಿಬಿರಕ್ಕೆ ಇಂದಿಗೂ ಅದೇ ಹೆಸರು. 1926ರಲ್ಲಿ ಸಂಸತ್ತಿನ ಕಾಯಿದೆಯ ಮೂಲಕ ಕ್ರೂಗರ್ ರಾಷ್ಟ್ರೀಯ ಉದ್ಯಾನವು ಸ್ಥಾಪನೆಯಾಯಿತು. ಅದರ ಇಂದಿನ ವಿಸ್ತಾರ ಸುಮಾರು 19,500 ಚದರ ಕಿಲೋಮೀಟರು. 1927ರಲ್ಲಿ ಒಳಗೆ ಬಂದ ಕಾರುಗಳು ಮೂರು, ಮರುವರ್ಷ 180. ಈ ಪ್ರವಾಸಕ್ಕೆ ದಾರಿ ತೋರಿಸಿದ್ದು ಅದಕ್ಕೂ ಮುಂಚೆ ಬಂದ ರೈಲು. ಗುತ್ತಿಗೆದಾರರ ಲಂಚದ ಹಗರಣದಿಂದ 1890ರ ದಶಕದಲ್ಲಿ ಅರ್ಧಕ್ಕೆ ನಿಂತಿದ್ದ ಸೆಲಾಟಿ ರೈಲುಮಾರ್ಗವು 1912ರಲ್ಲಿ ಪೂರ್ಣಗೊಂಡು, ಹೂಡ್‌ಸ್ಪ್ರೇಟ್‌ನಲ್ಲಿ ನಿಲ್ದಾಣವೊಂದು ಎದ್ದಿತು. 1923ರಿಂದ ರೈಲ್ವೆಯು ನಡೆಸಿದ ಒಂಬತ್ತು ದಿನಗಳ ಪ್ರವಾಸದಲ್ಲಿ ಕಾಡಿನ ನಡುವೆ ಗಾಡಿ ನಿಲ್ಲಿಸಿದ್ದೇ ಜನಪ್ರಿಯವಾಗಿ, ಕಾಡುಪ್ರಾಣಿಗಳನ್ನು ಕೊಲ್ಲದೆ ನೋಡುವುದಕ್ಕೂ ಜನ ಹಣ ಕೊಡುತ್ತಾರೆಂಬುದು ಸ್ಪಷ್ಟವಾಯಿತು. ಆದರೂ ಪ್ರವಾಸಿಗರು ಬರುತ್ತಿದ್ದುದು ಚಳಿಗಾಲದಲ್ಲಿ ಮಾತ್ರ. ದಶಕಗಳ ಕಾಲ ಉದ್ಯಾನದ ಬಹುಭಾಗವನ್ನು ಮಳೆಗಾಲದಲ್ಲಿ ಜ್ವರದ ಕಾರಣಕ್ಕಾಗಿ ಮುಚ್ಚುತ್ತಿದ್ದರು. ನೋಡಿ ಮರಳುವ ಜಾಗವಾಗಿದ್ದ ಲೋವೆಲ್ಡ್ ಇನ್ನೂ ಉಳಿಯುವ ಜಾಗವಾಗಿರಲಿಲ್ಲ.

ಉಳಿಯುವ ಜಾಗವಾದದ್ದು ಗೋಡೆಗೆ ಸಿಂಪಡಿಸಿದ ಔಷಧಿಯಿಂದ. 1930ರ ದಶಕದಲ್ಲಿ, ಹೂಡ್‌ಸ್ಪ್ರೇಟ್‌ನ ವಾಯವ್ಯಕ್ಕಿರುವ ತ್ಸಾನೀನ್ ಪಟ್ಟಣದಲ್ಲಿ ವೈದ್ಯ ಸೀಗ್‌ಫ್ರೀಡ್ ಅನ್ನೆಕೆ ಮತ್ತು ಕೀಟಶಾಸ್ತ್ರಜ್ಞ ಬೋಟಾ ಡಿ ಮೆಯ್ಯೊನ್ ಅವರ ಕೆಲಸದಿಂದ ಈ ಸೀಮೆಯ ಮಲೇರಿಯಾ ಹರಡುವ ಮುಖ್ಯ ಸೊಳ್ಳೆಗಳು ಮನೆಯೊಳಗೇ ಕಚ್ಚಿ, ಕಚ್ಚಿದ ಮೇಲೆ ಗೋಡೆಯ ಮೇಲೆ ಕುಳಿತು ವಿಶ್ರಮಿಸುತ್ತವೆಂಬುದು ಖಚಿತವಾಯಿತು. ಹಾಗಿದ್ದ ಮೇಲೆ ಜೌಗುಗಳನ್ನೆಲ್ಲ ಬತ್ತಿಸಬೇಕಾಗಿಲ್ಲ, ಗುಡಿಸಲಿನ ಒಳಗೋಡೆಗೆ ಕೀಟನಾಶಕ ಬಳಿದರೆ ಸಾಕು. ಮೊದಲು ಸೇವಂತಿಗೆಯ ಬಳಗದ ಹೂವಿನಿಂದ ತೆಗೆಯುವ ಪೈರೆತ್ರಮ್ ಬಳಸಿದರು. ಅದರ ಪರಿಣಾಮ ಬೇಗ ಇಳಿಯುತ್ತಿದ್ದುದರಿಂದ ಮತ್ತೆ ಮತ್ತೆ ಸಿಂಪಡಿಸಬೇಕಾಗುತ್ತಿತ್ತು. 1946ರಿಂದ ಬಳಕೆಗೆ ಬಂದ ಡಿ.ಡಿ.ಟಿ. ಗೋಡೆಯ ಮೇಲೆ ತಿಂಗಳುಗಟ್ಟಲೆ ಉಳಿದು, ಕೆಲವೇ ವರ್ಷಗಳಲ್ಲಿ ಜ್ವರವನ್ನು ಬಹುಮಟ್ಟಿಗೆ ಅಡಗಿಸಿತು. ಮಲೇರಿಯಾದಿಂದ ಹಳ್ಳಿಗಳೇ ಪಾಳುಬಿದ್ದದ್ದನ್ನು ಕಂಡ ಮಲೆನಾಡಿಗೂ ಇದೇ ಔಷಧಿ ಭಾರತ ಸರ್ಕಾರವು 1953ರಲ್ಲಿ ಆರಂಭಿಸಿದ ಮಲೇರಿಯಾ ನಿಯಂತ್ರಣ ಕಾರ್ಯಕ್ರಮದ ಮೂಲಕ ಬಂದಿತು. ಕಾಡಂಚಿನ ಬೆಚ್ಚನೆಯ ಊರು ಮನೆ ಕಟ್ಟಲು ತಕ್ಕುದೆನಿಸಿದ ಕಾಲ ಎರಡೂ ಕಡೆ ಹೆಚ್ಚುಕಡಿಮೆ ಒಂದೇ.

ಆದರೆ ಮನೆ ಕಟ್ಟುವ ಹಕ್ಕು ಯಾರಿಗಿತ್ತು ಎಂಬ ಪ್ರಶ್ನೆಗೆ ಉತ್ತರ ಕಾನೂನಿನಲ್ಲಿತ್ತು. 1913ರ ಭೂಕಾಯಿದೆಯು ದೇಶದ ಸುಮಾರು ಶೇ. 7ರಷ್ಟು ನೆಲವನ್ನು ಕರಿಯ ಜನರಿಗೆ ಮೀಸಲಿಟ್ಟು, ಉಳಿದ ಕಡೆ ಅವರು ಜಮೀನು ಕೊಳ್ಳದಂತೆ ತಡೆಯಿತು. 1936ರ ಕಾಯಿದೆ ಆ ಮಿತಿಯನ್ನು ಸುಮಾರು ಶೇ. 13ಕ್ಕೆ ಏರಿಸಿತು. ವರ್ಣಭೇದದ ಆಡಳಿತ ಗಟ್ಟಿಯಾದಂತೆ, ಹೂಡ್‌ಸ್ಪ್ರೇಟ್ ಸುತ್ತಲಿನ ಜಮೀನುಗಳಲ್ಲಿ ತಲೆಮಾರುಗಳಿಂದ ಬೇಸಾಯ ಮಾಡಿಕೊಂಡಿದ್ದ ಕುಟುಂಬಗಳನ್ನು ಮೊದಲು ದುಡಿಮೆಯ ಕರಾರಿನ ಒಕ್ಕಲುಗಳನ್ನಾಗಿಯೂ, ಆಮೇಲೆ ಒಕ್ಕಲೆಬ್ಬಿಸಿ ಕರಿಯ ಜನರಿಗೆಂದು ಗೊತ್ತುಪಡಿಸಿದ ಲೆಬೋವ, ಗಜಾನ್‌ಕುಲು ಎಂಬ 'ತಾಯ್ನಾಡು'ಗಳ ಇಕ್ಕಟ್ಟಾದ ಊರುಗಳ ನಿವಾಸಿಗಳನ್ನಾಗಿಯೂ ಮಾಡಲಾಯಿತು. ಜ್ವರ ತೊಲಗಿ ನೆಲದ ಬೆಲೆ ಏರತೊಡಗಿದ ಹೊತ್ತಿಗೇ, ಜ್ವರದ ಕಾಲದಲ್ಲಿ ಆ ನೆಲದಲ್ಲಿ ಬಾಳಿದವರಿಗೆ ಅದನ್ನು ಕೊಳ್ಳುವ ಬಾಗಿಲು ಮುಚ್ಚಿತ್ತು.

ಜಮೀನಿನ ಬಿಳಿಯ ಒಡೆಯರಿಗೂ ದನಸಾಕಣೆ ಕೈಹಿಡಿಯಲಿಲ್ಲ. ಬರ, ಕಾಲುಬಾಯಿ ಜ್ವರ, ಸಿಂಹದ ಕಾಟಗಳ ನಡುವೆ ಕೆಲವರು ಬೇಲಿಯೊಳಗಿನ ಕಾಡುಪ್ರಾಣಿಗಳನ್ನೇ ಉಳಿಸಿಕೊಳ್ಳುವುದು ಲೇಸೆಂದು ಬಗೆದು, ನೆರೆಹೊರೆಯ ಜಮೀನುಗಳನ್ನು ಒಗ್ಗೂಡಿಸಿ ಖಾಸಗಿ ಮೃಗಧಾಮಗಳನ್ನು ರಚಿಸಿಕೊಂಡರು. 1948ರ ಸಾಬಿ ಸ್ಯಾಂಡ್, 1956ರ ಟಿಂಬವಾಟಿ, 1972ರ ಕ್ಲಸೇರಿ ಇವುಗಳಲ್ಲಿ ಮುಖ್ಯವಾದವು. 1960ರ ದಶಕದ ಆರಂಭದಲ್ಲಿ ಕಾಲುಬಾಯಿ ಜ್ವರ ದನಗಳಿಗೆ ಹರಡದಿರಲೆಂದು ಉದ್ಯಾನದ ಪಶ್ಚಿಮದ ಅಂಚಿಗೆ ಬೇಲಿ ಹಾಕಿದಾಗ, ಮೇವು ನೀರಿಗಾಗಿ ಘಟ್ಟದ ಬುಡಕ್ಕೆ ಹೋಗುತ್ತಿದ್ದ ಪ್ರಾಣಿಗಳ ಹಳೆಯ ದಾರಿ ಕಡಿಯಿತು. 1993ರಲ್ಲಿ ಉದ್ಯಾನಕ್ಕೂ ಈ ಖಾಸಗಿ ಮೃಗಧಾಮಗಳಿಗೂ ನಡುವಿನ ಬೇಲಿಯನ್ನು ಕಿತ್ತ ಮೇಲೆ ಕಾಡು ಹೂಡ್‌ಸ್ಪ್ರೇಟ್‌ನ ಹೊಸ್ತಿಲವರೆಗೆ ಬಂದಿತು.

ಈ ಚರಿತ್ರೆಯ ನಡುಗಂಬವೆನ್ನಬಹುದಾದ ವರ್ಷ 1991. ರೋಮನ್-ಡಚ್ ನ್ಯಾಯಪದ್ಧತಿಯಲ್ಲಿ ಕಾಡುಪ್ರಾಣಿ ಯಾರದೂ ಅಲ್ಲದ ಸೊತ್ತು. ಬೇಲಿ ದಾಟಿ ಹೋದರೆ ಹಿಡಿದವರದಾಗುತ್ತದೆ. 1991ರ ಮೃಗಕಳವು ಕಾಯಿದೆಯು ತಕ್ಕ ಬೇಲಿಯಿದೆಯೆಂದು ಪ್ರಾಂತೀಯ ಅಧಿಕಾರಿಗಳಿಂದ ಪ್ರಮಾಣಪತ್ರ ಪಡೆದ ಜಮೀನಿನ ಒಡೆಯನಿಗೆ, ತಪ್ಪಿಸಿಕೊಂಡ ಪ್ರಾಣಿಯ ಮೇಲೂ ಒಡೆತನವನ್ನು ಉಳಿಸಿಕೊಟ್ಟಿತು. 1913 ಮತ್ತು 1936ರ ಭೂಕಾಯಿದೆಗಳು ರದ್ದಾದದ್ದೂ ಅದೇ ವರ್ಷ. ನೆಲ ಎಲ್ಲರಿಗೂ ಮಾರಾಟಕ್ಕೆ ತೆರೆದುಕೊಂಡ ವರ್ಷವೇ ನೆಲದ ಮೇಲಿನ ಪ್ರಾಣಿಯೂ ನೆಲದೊಡೆಯನ ಸೊತ್ತಾಗಿ ಭದ್ರಗೊಂಡಿತು. ಭಾರತದ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಹಿಡಿದಿರುವ ಹಾದಿ ಇದಕ್ಕೆ ವಿರುದ್ಧ: ಬಂಡೀಪುರದ ಅಂಚಿನಲ್ಲಿ ಕಬ್ಬಿನ ಗದ್ದೆಗೆ ನುಗ್ಗಿದ ಆನೆ ಎಂದಿಗೂ ಆ ರೈತನ ಸೊತ್ತಾಗದು, ಅವನಿಗೆ ಸಿಗುವುದು ಅರಣ್ಯ ಇಲಾಖೆಯ ಪರಿಹಾರ ಮಾತ್ರ. ಹೂಡ್‌ಸ್ಪ್ರೇಟ್‌ನಲ್ಲಿ ಪ್ರಾಣಿಗಳ ನಡುವಿನ ಮನೆ ಸರಕಾಗಿ ಬೆಳೆಯಲು, ಬಂಡೀಪುರದ ಪಕ್ಕದ ಗುಂಡ್ಲುಪೇಟೆಯಲ್ಲಿ ಹಾಗಾಗದಿರಲು ಈ ಕಾನೂನಿನ ಅಂತರ ದೊಡ್ಡ ಕಾರಣ.

ಪಟ್ಟಣ ಬೆಳೆದದ್ದು 1970ರ ದಶಕದಿಂದೀಚೆಗೆ. ಆಗ ಬ್ಲೈಡ್ ನದಿಗೆ ಕಟ್ಟಿದ ಅಣೆಕಟ್ಟೆಯ ನೀರಿನಿಂದ ಮಾವು, ಕಿತ್ತಳೆ ಜಾತಿಯ ಹಣ್ಣಿನ ತೋಟಗಳು ಹಬ್ಬಿದವು. ಮೊಜಾಂಬಿಕ್ ಗಡಿಯ ರಾಜಕೀಯ ಕಾರಣಗಳಿಗಾಗಿ ಅದೇ ದಶಕದಲ್ಲಿ ವಾಯುಸೇನೆಯ ನೆಲೆಯೊಂದು ಬಂದಿತು. ಹುಲ್ಲೆಗಳೂ ಕಾಡುಹಂದಿಗಳೂ ಓಡುದಾರಿಗೆ ಬಾರದಂತೆ ಮಾಡಲು ಆ ನೆಲೆಯ ಬೇಲಿಯೊಳಗೆ ಚೀತಾಗಳನ್ನು, ಅಂದರೆ ಕನ್ನಡದ ಹಳಬರು ಶಿವಂಗಿ ಎನ್ನುತ್ತಿದ್ದ ಮೃಗವನ್ನು, ಬಿಟ್ಟದ್ದು ಹೆಸರುವಾಸಿಯಾಯಿತು. ಸೇನೆಯ ಓಡುದಾರಿಯನ್ನೇ ಬಳಸುವ ನಾಗರಿಕ ವಿಮಾನ ನಿಲ್ದಾಣದಿಂದ ಜೊಹಾನ್ಸ್‌ಬರ್ಗ್ ಹತ್ತಿರವಾಗಿ, 'ವನ್ಯಜೀವಿ ಬಡಾವಣೆ' ಎಂಬ ಹೊಸ ಬಗೆಯ ವಸತಿ ಹುಟ್ಟಿತು. ಇದರಲ್ಲಿ ಇಡೀ ಬಡಾವಣೆಗೆ ಹೊರಬೇಲಿಯೊಂದಿರುತ್ತದೆ, ಮನೆಮನೆಗಳ ನಡುವೆ ಬೇಲಿಯಿರುವುದಿಲ್ಲ; ಜಿರಾಫೆ, ಜೀಬ್ರಾ, ಇಂಪಾಲ ಎಂಬ ಹುಲ್ಲೆ, ಮಂಡಿಯೂರಿ ಮೇಯುವ ವಾರ್ಟ್‌ಹಾಗ್ ಎಂಬ ಹಂದಿ ಎಲ್ಲ ಅಂಗಳಗಳಲ್ಲೂ ಅಡ್ಡಾಡುತ್ತವೆ. ನಾಯಿ ಬೆಕ್ಕು ಸಾಕುವಂತಿಲ್ಲ, ಹೊರಗಿನ ಗಿಡ ನೆಡುವಂತಿಲ್ಲ ಎಂಬವು ಇಂಥ ಬಡಾವಣೆಗಳ ಸಾಮಾನ್ಯ ಕಟ್ಟಳೆಗಳು. ಮನೆಯ ರಚನೆಯಲ್ಲೂ ಚರಿತ್ರೆಯ ಪದರಗಳನ್ನು ಓದಬಹುದು: ಹುಲ್ಲಿನ ಹೊದಿಕೆಯ ಎತ್ತರದ ಮಾಡು ಆಫ್ರಿಕನ್ ಗುಡಿಸಲಿನಿಂದ ಬಂದದ್ದು, 'ಸ್ಟೂಪ್' ಎಂದು ಕರೆಯುವ ವಿಶಾಲ ಜಗಲಿ ಬೋಯರರ ಮನೆಯದು, ಕಿಟಕಿ ಬಾಗಿಲುಗಳ ಸಣ್ಣಕಣ್ಣಿನ ಜಾಲರಿ ಸೊಳ್ಳೆಯನ್ನು ಅರಿತ ಮೇಲಿನ ಶತಮಾನದ್ದು.

1994ರಲ್ಲಿ ಪ್ರಜಾಪ್ರಭುತ್ವ ಬಂದ ಮೇಲೆ ಭೂಮರಳಿಕೆಯ ಕಾಯಿದೆಯು 1913ರಿಂದೀಚೆಗೆ ನೆಲ ಕಳೆದುಕೊಂಡವರಿಗೆ ಹಕ್ಕು ಮಂಡಿಸುವ ಅವಕಾಶ ಕೊಟ್ಟಿತು. 1969ರಲ್ಲಿ ಉದ್ಯಾನದ ಉತ್ತರ ತುದಿಯಿಂದ ಹೊರದೂಡಲ್ಪಟ್ಟಿದ್ದ ಮಕುಲೆಕೆ ಜನರು 1998ರ ಒಪ್ಪಂದದಲ್ಲಿ ಸುಮಾರು 24,000 ಹೆಕ್ಟೇರ್ ನೆಲವನ್ನು ಮರಳಿ ಪಡೆದು, ಅದನ್ನು ಕಾಡಾಗಿಯೇ ಉಳಿಸಿ ಪ್ರವಾಸೋದ್ಯಮದಿಂದ ಆದಾಯ ಪಡೆಯುವ ದಾರಿ ಹಿಡಿದರು. ಹೂಡ್‌ಸ್ಪ್ರೇಟ್‌ನ ಸುತ್ತಲಿನ ಮೊಲೆಟೆಲೆ ಸಮುದಾಯಕ್ಕೂ ಬ್ಲೈಡ್ ಕಣಿವೆಯ ಹಣ್ಣಿನ ತೋಟಗಳ ಒಂದಷ್ಟು ಭಾಗ ಮರಳಿತು. ಹೀಗಾದರೂ ಬಡಾವಣೆಯ ಮನೆಗಳಲ್ಲಿ, ವಸತಿಗೃಹಗಳಲ್ಲಿ ದುಡಿಯುವ ಹೆಚ್ಚಿನವರು ಇಂದಿಗೂ ಹಳೆಯ 'ತಾಯ್ನಾಡು'ಗಳ ಊರುಗಳಿಂದಲೇ ಬಂದು ಹೋಗುತ್ತಾರೆ. ಕಾಡಿನ ಪಕ್ಕದ ಬಾಳು ಕೊಳ್ಳುವವನಿಗೆ ಸೊಗಸು, ಆ ಊರುಗಳವರಿಗೆ ಸಂಬಳದ ಕೆಲಸ.

ಗೆದ್ದೆವೆಂದುಕೊಂಡ ರೋಗವೂ ಸೋತು ಹೋಗಿಲ್ಲ. ಪರಿಸರದ ಕಾಳಜಿಯಿಂದ ದಕ್ಷಿಣ ಆಫ್ರಿಕವು 1996ರಲ್ಲಿ ಡಿ.ಡಿ.ಟಿ. ಬಿಟ್ಟು ಬೇರೆ ಕೀಟನಾಶಕಕ್ಕೆ ಹೊರಳಿತು. ಅದಕ್ಕೆ ಜಗ್ಗದ, ದೇಶದಿಂದ ಅಳಿಯಿತೆಂದು ನಂಬಿದ್ದ ಸೊಳ್ಳೆಯ ಜಾತಿಯೊಂದು ಮರಳಿ ಕಾಣಿಸಿಕೊಂಡು, 2000ದಲ್ಲಿ ದೇಶದ ಮಲೇರಿಯಾ ಪ್ರಕರಣಗಳು 60,000ವನ್ನು ಮೀರಿದವು. ಅದೇ ವರ್ಷ ಡಿ.ಡಿ.ಟಿ.ಯನ್ನು ಮತ್ತೆ ತರಬೇಕಾಯಿತು, ಆಮೇಲೆ ಪ್ರಕರಣಗಳು ಇಳಿದವು. ಬೆಚ್ಚನೆಯ ಹವೆ, ಹತ್ತಿರದ ಕಾಡು ಎಂಬ ಎರಡು ಕಾರಣಗಳು ಪ್ರಕೃತಿಯ ಕೊಡುಗೆಯಂತೆ ಕಂಡರೂ, ಅವು ಒಂದು ಮಹಾಮಾರಿ, ಒಂದು ಕೀಟನಾಶಕ, ಹಲವು ಕಾಯಿದೆಗಳು ಮತ್ತು ಸಾವಿರಾರು ಜನರ ಒಕ್ಕಲೆಬ್ಬಿಸುವಿಕೆ ಸೇರಿ ಕಟ್ಟಿದ ಸ್ಥಿತಿಯ ಫಲ. ಅವುಗಳಲ್ಲಿ ಒಂದು ಸಡಿಲವಾದರೂ ಆ ಸ್ಥಿತಿ ಅಲುಗುತ್ತದೆಂಬುದನ್ನು 2000ದ ಅನುಭವ ತೋರಿಸಿದೆ. ಹೂಡ್‌ಸ್ಪ್ರೇಟ್ ಸೀಮೆಯಲ್ಲಿ ಇಂದಿಗೂ ಮಳೆಗಾಲಕ್ಕೆ ಮುಂಚೆ ಹಳ್ಳಿಗಳ ಮನೆಗೋಡೆಗಳಿಗೆ ಔಷಧಿ ಸಿಂಪಡಿಸುತ್ತಾರೆ.